ಕನ್ನಡ ಸಂಶೋಧನೆಗೆ ಗ್ರೀಕ್ ಭಾಷಾಜ್ಞಾನದ ಆವಶ್ಯಕತೆ

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು, ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರಿಂದ 1903ರಲ್ಲಿ ಪ್ರಕಟವಾದ 413ನೆಯ ಪಪೈರಸ್ ಪತ್ರದಲ್ಲಿ ಗ್ರೀಕ್ ಪ್ರಹಸನವೊಂದುಂಟು. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಖರಿತಿಯೊನ್ ಎಂಬ ತರುಣಿಯನ್ನು ಆಕೆಯ ಕಡೆಯವರು ಅಲ್ಲಿನ ಅರಸನಿಗೆ ಮದ್ಯ ಕುಡಿಸಿ ಬಿಡಿಸಿಕೊಳ್ಳುವುದೇ ಇದರ ವಸ್ತು. ಭಾರತೀಯ ಪಾತ್ರಗಳ ಬಾಯಲ್ಲಿ ಗ್ರೀಕಲ್ಲದ ಮಾತುಗಳಿವೆ. ಅವು ಕನ್ನಡವೆಂದು 1904ರಲ್ಲಿ ಹುಲ್ಟ್ಶ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಚರ್ಚೆಯನ್ನು ಮುಂದುವರಿಸಿದರು, ಬಾರ್ನೆಟ್ ಒಪ್ಪಲಿಲ್ಲ.

ಪತ್ರವು ಸುಮಾರು ಕ್ರಿ.ಶ. 2ನೆಯ ಶತಮಾನದ್ದು, ಹಲ್ಮಿಡಿ ಶಾಸನ ಸುಮಾರು 450ರದು. ಆ ಮಾತುಗಳು ಕನ್ನಡವೇ ಆದಲ್ಲಿ ನಮ್ಮ ನುಡಿಯ ಲಿಖಿತ ಚರಿತ್ರೆ ಎರಡು ಶತಮಾನಗಳಿಗೂ ಮಿಗಿಲಾಗಿ ಹಿಂದಕ್ಕೆ ಸರಿಯುವುದು.

ಆದರೆ ಗ್ರೀಕ್ ಲಿಪಿಯಲ್ಲಿ ತ-ಟ, ಲ-ಳ ಭೇದವಿಲ್ಲ. ಅ-ಆಗಳಿಗೆ ಒಂದೇ ಅಕ್ಷರ. ಪದಗಳನ್ನು ಬಿಡಿಸಿ ಬರೆಯುವ ರೂಢಿಯೂ ಅಂದು ಇರಲಿಲ್ಲ. ಆದಕಾರಣ ಒಂದೇ ಸಾಲನ್ನು ಹಲವು ಬಗೆಯಾಗಿ ಒಡೆಯಬಹುದು. ‘ಪೆತ್ರೆಕಿಒ’ ಎಂಬುದನ್ನು ‘ಪಾತ್ರಕ್ಕೆ’ ಎಂದು ಓದುವುದು ಸಾಧುವೇ ಎಂಬುದನ್ನು ಆ ಕಾಲದ ಗ್ರೀಕ್ ಉಚ್ಚಾರಣೆಯನ್ನರಿಯದೆ ನಿರ್ಣಯಿಸಲಾಗದು.

ಬೆಂಗಳೂರಿನ ಕ್ರೈಸ್ತ ದೇವಶಾಸ್ತ್ರ ಕಾಲೇಜುಗಳಲ್ಲಿ ಹೊಸ ಒಡಂಬಡಿಕೆಯ ಗ್ರೀಕನ್ನು ಕಲಿಸುತ್ತಾರೆ. ಅದು ಈ ಪತ್ರದ ಕಾಲಕ್ಕೆ ಸಮೀಪವಾದ ಭಾಷೆ. ಹಳಗನ್ನಡ ಬಲ್ಲ ವಿದ್ಯಾರ್ಥಿಯು ಅಲ್ಲಿಂದ ತೊಡಗಿದರೆ ಈ ಪ್ರಶ್ನೆಯನ್ನು ಪರರ ಅನುವಾದದ ಹಂಗಿಲ್ಲದೆ ಪರಿಶೀಲಿಸಬಲ್ಲನು.