ಹಗುರವಾದ ಆಟದ ಮೌಸ್: ಕೊಳ್ಳುವ ಮುನ್ನ

ಗಣಕಯಂತ್ರದ ಆಟಗಳಲ್ಲಿ ಆಸಕ್ತಿಯುಳ್ಳ ನಮ್ಮ ತರುಣ ವಾಚಕರು ಮನೆಯಲ್ಲಿ ‘ಹಗುರವಾದ ಮೌಸ್ ಬೇಕು’ ಎಂದು ಕೇಳುವುದುಂಟು. ಕಚೇರಿಯ ಮೌಸ್ ಕೆಲವೇ ನೂರು ರೂಪಾಯಿಗೆ ಸಿಕ್ಕುವಾಗ, ತೂಕ ಕಡಮೆಯಾದುದಕ್ಕೆ ಹೆಚ್ಚು ಹಣವೇಕೆ ತೆರಬೇಕೆಂದು ಹಿರಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಮೌಸನ್ನು ಒಂದೇ ಸಮನೆ ಎಳೆಯುವುದು, ತಟಕ್ಕನೆ ನಿಲ್ಲಿಸುವುದು, ಎತ್ತಿ ಹಿಂದಕ್ಕಿಡುವುದು ನಡೆಯುತ್ತಲೇ ಇರುತ್ತದೆ. ಗಂಟೆಗಟ್ಟಲೆ ಹೀಗೆ ಆಡುವವರ ಮಣಿಕಟ್ಟಿಗೆ ಮೂವತ್ತು ಗ್ರಾಮಿನ ವ್ಯತ್ಯಾಸವೂ ತಿಳಿಯುತ್ತದೆ. ಲೆಕ್ಕಪತ್ರ ಬರೆಯುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ತಂತಿಯಿದ್ದರೆ ಬ್ಯಾಟರಿಯ ಭಾರವೂ ಇಲ್ಲ, ಅದರ ಬೆಲೆಯೂ ಇಲ್ಲ.

2019ರಲ್ಲಿ ಬಂದ ಗ್ಲೋರಿಯಸ್ ಮಾಡೆಲ್ ಓ ಎಂಬುದರ ಮೈ ಜೇನುಗೂಡಿನಂತೆ ತೂತು ತೂತು. ತೂಕ 67 ಗ್ರಾಂ. 2020ರ ರೇಜರ್ ವೈಪರ್ ಮಿನಿ ತೂತುಗಳಿಲ್ಲದೆಯೇ 61 ಗ್ರಾಂ. (ಈ ತೂಕಗಳಲ್ಲಿ ತಂತಿ ಸೇರಿಲ್ಲ.) ತೂತುಗಳೊಳಗೆ ಧೂಳೂ ಬೆವರೂ ಇಳಿಯುತ್ತವೆ. ಮುಂಬಯಿಯ ಮಳೆಗಾಲವನ್ನು ಬಲ್ಲವರು ಮುಚ್ಚಿದ ಮೈಯನ್ನೇ ಆರಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ಆದರೆ ಮಿನಿಯ ಉದ್ದ ಸುಮಾರು 118 ಮಿ.ಮೀ. ಮಾತ್ರ, ದೊಡ್ಡ ಅಂಗೈಯವರಿಗೆ ಅದು ಒಗ್ಗಲಾರದು. ಕೈಗೆ ಹೊಂದದ ಮೌಸ್ ಎಷ್ಟು ಹಗುರವಾದರೇನು?

ಡಬ್ಬಿಯ ಮೇಲೆ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುವ ಡಿಪಿಐ ಸಂಖ್ಯೆಗೆ ಮರುಳಾಗಬೇಡಿ. ಮೌಸ್ ಒಂದು ಅಂಗುಲ ಸರಿದರೆ ಬಾಣದ ಗುರುತು ಎಷ್ಟು ಚುಕ್ಕಿ ಸರಿಯುವುದೆಂಬುದಷ್ಟೇ ಅದರ ಅರ್ಥ. ಪರದೆಯ ಅಗಲ 1920 ಚುಕ್ಕಿಗಳೆನ್ನೋಣ. 800 ಡಿಪಿಐಯಲ್ಲಿ ಅದನ್ನು ದಾಟಲು ಕೈ 2.4 ಅಂಗುಲ, ಎಂದರೆ ಆರು ಸೆಂಟಿಮೀಟರು, ಸರಿಯಬೇಕು. ಮಿನಿಯ ಪರಮಾವಧಿಯಾದ 8500ರಲ್ಲಿ ಆರು ಮಿಲಿಮೀಟರು ಕೂಡ ಬೇಡ! ಅಷ್ಟು ಚುರುಕಾದರೆ ಗುರಿ ಹಿಡಿಯುವವರಾರು? ಮಾಡೆಲ್ ಓದಲ್ಲಿ 12000 ಇದೆಯೆಂದು ಅದು ಹೆಚ್ಚಿನದಾಗಲಿಲ್ಲ. ನಿಜವಾಗಿ ಉಪಯುಕ್ತವಾದುದು ಬೇರೊಂದು ಗುಣ: ಸಾಮಾನ್ಯ ಮೌಸ್ ಸೆಕೆಂಡಿಗೆ 125 ಬಾರಿ ತನ್ನ ಸ್ಥಾನವನ್ನು ತಿಳಿಸಿದರೆ, ಇವೆರಡೂ 1000 ಬಾರಿ ತಿಳಿಸುತ್ತವೆ.

ಮೌಸ್ ಹಾಳಾಗುವುದು ಬಹುಮಟ್ಟಿಗೆ ಗುಂಡಿಯಿಂದ. ಲೋಹದ ಪಟ್ಟಿಗಳು ತಾಗುವ ಗುಂಡಿಗಳಲ್ಲಿ ಆ ಪಟ್ಟಿ ಸವೆದರೆ, ಒಮ್ಮೆ ಒತ್ತಿದ್ದು ಎರಡಾಗಿ ದಾಖಲಾಗುತ್ತದೆ. ವೈಪರ್ ಮಿನಿಯ ಮುಖ್ಯ ಗುಂಡಿಗಳು ಬೆಳಕಿನ ಕಿರಣದಿಂದ ಕೆಲಸಮಾಡುವುದರಿಂದ ಈ ಕಾಟವಿಲ್ಲ.

ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಾಗಲಿ ಚೆನ್ನೈಯ ರಿಚಿ ಸ್ಟ್ರೀಟಿಗಾಗಲಿ ಹೋದಾಗ ತೆರೆದಿಟ್ಟ ಮಾದರಿಯನ್ನು ಕೇಳಿ ಪಡೆಯಿರಿ. ಕಿವಿಯ ಬಳಿ ಅಲುಗಾಡಿಸಿ. ಒಳಗೆ ಲಟಲಟ ಶಬ್ದ ಬರಬಾರದು. ಎರಡೂ ಪಕ್ಕಗಳನ್ನು ಬೆರಳಿನಿಂದ ಅದುಮಿ. ತಗ್ಗಿ ಕಿರುಗುಟ್ಟಿದರೆ ಬೇಡ. ತಂತಿ ಬೂಟಿನ ಲಾಡಿಯಂತೆ ಮೆತ್ತಗಿರಬೇಕು, ಬಿರುಸಾದ ತಂತಿ ಕೈಯನ್ನು ಹಿಂದಕ್ಕೆಳೆದು ಹಗುರದ ಲಾಭವನ್ನೆಲ್ಲ ತಿನ್ನುತ್ತದೆ. ಯಂತ್ರಕ್ಕೆ ಜೋಡಿಸಿ ಕೊಂಚ ಮೇಲೆತ್ತಿ ಆಡಿಸಿರಿ. ಆಗ ಬಾಣದ ಗುರುತು ಕದಲಕೂಡದು. ಇಷ್ಟಾದ ಮೇಲೆ ಬೆಲೆ ಕೇಳಿ, ರಸೀದಿಯ ಮೇಲೆ ವಾರಂಟಿಯ ಅವಧಿಯನ್ನು ಬರೆಸಿಕೊಳ್ಳಿ.