ನಮ್ಮ ಮನೆಗೆ ಎಷ್ಟು ದೊಡ್ಡ ಇನ್ವರ್ಟರ್ ಬೇಕು?

ಮಕ್ಕಳೇ, ಮಳೆಗಾಲದಲ್ಲಿ ಜೋಯಿಡಾ ಕಾಡಿನಲ್ಲಿ ಜೋರಾಗಿ ಗಾಳಿ ಬೀಸಿದರೆ ಮರದ ಟೊಂಗೆ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಅದೇ ತಾಲ್ಲೂಕಿನ ಗಣೇಶಗುಡಿಯಲ್ಲಿ, ಕಾಳಿ ನದಿಯ ಸೂಪಾ ಅಣೆಕಟ್ಟಿನ ಬುಡದಲ್ಲೇ, ವಿದ್ಯುತ್ ತಯಾರಾಗುತ್ತದೆ. ಆದರೂ ಕತ್ತಲೆ ಏಕೆ? ಅಲ್ಲಿಯ ವಿದ್ಯುತ್ ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ಅದು ಮೊದಲು ರಾಜ್ಯದ ವಿದ್ಯುತ್ ಜಾಲಕ್ಕೆ ಸೇರುತ್ತದೆ. ನಂತರ ಉಪಕೇಂದ್ರ, ಟ್ರಾನ್ಸ್‌ಫಾರ್ಮರ್‌ಗಳನ್ನು ದಾಟಿ ಕಾಡಿನ ನಡುವಿನ ತಂತಿಗಳಲ್ಲಿ ಊರಿಗೆ ಬರುತ್ತದೆ. ಆದ್ದರಿಂದಲೇ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡದ ಹಲವು ಮನೆಗಳಲ್ಲಿ ಇನ್ವರ್ಟರ್ ಕಾಣುತ್ತೇವೆ.

ಇನ್ವರ್ಟರ್ ವಿದ್ಯುತ್ತನ್ನು ಕೂಡಿಡುವುದಿಲ್ಲ. ಕೂಡಿಡುವುದು ಬ್ಯಾಟರಿ. ಬ್ಯಾಟರಿಯ 12 ವೋಲ್ಟ್ ನೇರ ವಿದ್ಯುತ್ತನ್ನು 230 ವೋಲ್ಟ್ ಪರ್ಯಾಯ ವಿದ್ಯುತ್ತಾಗಿ ಬದಲಿಸುವುದಷ್ಟೇ ಇನ್ವರ್ಟರಿನ ಕೆಲಸ.

ನಾನೇ ಮಾಡಿದ ತಪ್ಪು

ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ ನಮ್ಮ ಮನೆಯ ದೀಪಗಳು ಎರಡೇ ಗಂಟೆಯಲ್ಲಿ ಆರುತ್ತಿದ್ದವು. ದೊಡ್ಡ ಇನ್ವರ್ಟರ್ ತಂದರೆ ಹೆಚ್ಚು ಹೊತ್ತು ಉರಿದಾವೆಂದು ಹಣ ಕೊಟ್ಟು ತಂದೆ. ಬ್ಯಾಟರಿ ಹಳೆಯದೇ ಇತ್ತು. ದೀಪ ಮತ್ತೆ ಎರಡು ಗಂಟೆಗೇ ಆರಿತು! ಭೌತಶಾಸ್ತ್ರ ಓದಿದ ನಾನೂ ಮೊದಲು ಲೆಕ್ಕ ಹಾಕಿರಲಿಲ್ಲ.

ಬ್ಯಾಟರಿಯನ್ನು ನೀರಿನ ಟಾಕಿ ಎಂದುಕೊಳ್ಳಿ, ಇನ್ವರ್ಟರನ್ನು ಅದರ ನಲ್ಲಿ ಎಂದುಕೊಳ್ಳಿ. ನಲ್ಲಿ ದೊಡ್ಡದಾದರೆ ಟಾಕಿಯಲ್ಲಿ ನೀರು ಹೆಚ್ಚುವುದೇ? ಇಲ್ಲ. ಒಮ್ಮೆಗೆ ಎಷ್ಟು ಉಪಕರಣ ನಡೆಯಬೇಕೆಂಬುದು ಇನ್ವರ್ಟರಿನ ಅಳತೆ. ಎಷ್ಟು ಹೊತ್ತು ನಡೆಯಬೇಕೆಂಬುದು ಬ್ಯಾಟರಿಯ ಅಳತೆ.

ಲೆಕ್ಕ ಹಾಕೋಣ

4 ಎಲ್‌ಇಡಿ ಬಲ್ಬು: 4 × 9 = 36 ವ್ಯಾಟ್
2 ಫ್ಯಾನು: 2 × 75 = 150 ವ್ಯಾಟ್
1 ಟಿ.ವಿ.: 60 ವ್ಯಾಟ್
ಒಟ್ಟು: 246 ವ್ಯಾಟ್

ಇನ್ವರ್ಟರಿನ ಮೇಲೆ ವ್ಯಾಟ್ ಬದಲು 'ವಿಎ' ಎಂದು ಬರೆದಿರುತ್ತದೆ. ಇದು ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧ. ಒಟ್ಟು ವ್ಯಾಟನ್ನು 0.8ರಿಂದ ಭಾಗಿಸಿದರೆ ಸುಮಾರು 308 ವಿಎ ಬರುತ್ತದೆ. ಕಾಲು ಭಾಗ ಹೆಚ್ಚುವರಿ ಸೇರಿಸಿದರೆ 385 ವಿಎ. ಅಂದರೆ ಈ ಮನೆಗೆ 600 ವಿಎ ಇನ್ವರ್ಟರ್ ಧಾರಾಳವಾಗಿ ಸಾಕು.

ಇನ್ನು ಬ್ಯಾಟರಿ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 12 × 150 = 1800 ವ್ಯಾಟ್-ಗಂಟೆ ಶಕ್ತಿ ಇದೆ. ಸ್ವಲ್ಪ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವುದೂ ಸರಿಯಲ್ಲ. ಆದ್ದರಿಂದ 1080 ಎಂದು ಹಿಡಿಯೋಣ. 1080 ÷ 246 ಎಂದರೆ ನಾಲ್ಕು ಗಂಟೆಗಿಂತ ತುಸು ಹೆಚ್ಚು. ಟಿ.ವಿ. ಮತ್ತು ಒಂದು ಫ್ಯಾನು ಆರಿಸಿದರೆ? 1080 ÷ 111, ಒಂಬತ್ತು ಗಂಟೆಗೂ ಮೀರಿ ಬೆಳಕು! ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಮಿಕ್ಸರ್, ಫ್ರಿಜ್, ನೀರಿನ ಪಂಪುಗಳಲ್ಲಿ ಮೋಟಾರ್ ಇದೆ. ಅದು ತಿರುಗಲು ಆರಂಭಿಸುವ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ. ಇಸ್ತ್ರಿಪೆಟ್ಟಿಗೆ, ಗೀಜರುಗಳಿಗೆ ಸಾವಿರ, ಎರಡು ಸಾವಿರ ವ್ಯಾಟ್ ಬೇಕು. ಇವನ್ನು ಸಣ್ಣ ಇನ್ವರ್ಟರಿಗೆ ಜೋಡಿಸಬಾರದು.

ಎಚ್ಚರ: ಬ್ಯಾಟರಿಯಲ್ಲಿ ಸಲ್ಫ್ಯೂರಿಕ್ ಆಮ್ಲವಿರುತ್ತದೆ. ಚಾರ್ಜ್ ಆಗುವಾಗ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಅನಿಲ ಹೊರಬರುತ್ತದೆ. ಅದನ್ನು ಗಾಳಿಯಾಡುವ ಜಾಗದಲ್ಲಿಡಬೇಕು. ಹತ್ತಿರ ಬೆಂಕಿ ಕೂಡದು. ಮಕ್ಕಳು ಮುಟ್ಟಬಾರದು.

ಮಾಡಿ ನೋಡಿ: ಮನೆಯ ಪ್ರತಿ ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು ದೊಡ್ಡವರ ಜೊತೆಗೂಡಿ ಗುರುತು ಮಾಡಿಕೊಳ್ಳಿ. ಕರೆಂಟು ಹೋದಾಗ ಯಾವುವು ಬೇಕೇ ಬೇಕೆಂದು ಎಲ್ಲರೂ ಸೇರಿ ನಿರ್ಧರಿಸಿ, ಕೂಡಿಸಿ. ಅಪ್ಪ ಅಮ್ಮ ಅಂಗಡಿಗೆ ಹೊರಟಾಗ ಆ ಚೀಟಿ ಅವರ ಕೈಯಲ್ಲಿರಲಿ.