ಬಂದರಿನ ಗೇಟಿನಿಂದ ಮನೆಯ ಅಂಗಳದವರೆಗೆ

ಜಪಾನ್, ಬ್ರಿಟನ್, ಜರ್ಮನಿಗಳಲ್ಲಿ ತಯಾರಾಗಿ ಅಲ್ಲಿಯೇ ದಶಕಗಳ ಕಾಲ ಓಡಿದ ಕಾರು, ಜೀಪು, ಪುಟ್ಟ ಟ್ರಕ್ಕುಗಳನ್ನು ಕೊಂಡು ಅಮೆರಿಕಕ್ಕೆ ತರಿಸಿಕೊಳ್ಳುವ ಹವ್ಯಾಸಿಗಳು ಅನೇಕರಿದ್ದಾರೆ. ಇಂಥ ವಾಹನ ಟಕೋಮಾ, ಬಾಲ್ಟಿಮೋರ್ ಅಥವಾ ಬ್ರನ್ಸ್‌ವಿಕ್ ಬಂದರಿನಲ್ಲಿ ಇಳಿಯುವ ಹೊತ್ತಿಗೆ ಕೊಂಡವರ ಮನೆ ಅಲ್ಲಿಂದ ಸಾವಿರ, ಎರಡು ಸಾವಿರ ಕಿಲೋಮೀಟರ್ ಒಳನಾಡಿನಲ್ಲಿರಬಹುದು. ಸಾಗರ ದಾಟಿಸುವುದು ಹಡಗಿನ ಕಂಪನಿಯ ಕೆಲಸವಾದರೆ, ಬಂದರಿನ ಗೇಟಿನಿಂದ ಮುಂದಿನ ದಾರಿ ಪೂರ್ತಿಯಾಗಿ ಕೊಂಡವರದೇ ಹೊಣೆ. ಆ ದಾರಿ ಸುಗಮವಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ವಾಹನ ಹಡಗನ್ನೇರುವ ಮುಂಚೆಯೇ ನಿರ್ಧಾರವಾಗಿರುತ್ತದೆ.

ಏಕೆಂದರೆ ಮೊದಲ ಪ್ರಶ್ನೆ ವಾಹನದ ವಯಸ್ಸಿನದು. 1980ರ ದಶಕದಲ್ಲಿ ತಯಾರಕರ ಅಧಿಕೃತ ಮಾರಾಟ ಜಾಲವನ್ನು ಬದಿಗಿಟ್ಟು ಯುರೋಪಿನ ಕಾರುಗಳನ್ನು ಖಾಸಗಿಯಾಗಿ ತರಿಸುವ ವಹಿವಾಟು ಅಮೆರಿಕದಲ್ಲಿ ಭರದಿಂದ ಬೆಳೆದಾಗ, ಅದಕ್ಕೆ ಕಡಿವಾಣ ಹಾಕಲು 1988ರಲ್ಲಿ ಕಾನೂನೊಂದು ಅಂಗೀಕಾರವಾಯಿತು. ಅದರ ಪ್ರಕಾರ, ಆ ದೇಶದ ಸುರಕ್ಷತಾ ಮಾನದಂಡಗಳಿಗೆ ಹೊಂದದ ವಾಹನವನ್ನು ಹಾಗೆಯೇ ತರಿಸಬೇಕಾದರೆ ಅದಕ್ಕೆ ಕನಿಷ್ಠ 25 ವರ್ಷ ತುಂಬಿರಬೇಕು. ಹೊಗೆ ನಿಯಂತ್ರಣದ ನಿಯಮದಿಂದ ವಿನಾಯಿತಿ ಸಿಗಲು 21 ವರ್ಷ ಸಾಕಾದರೂ ಎಂಜಿನ್ ಮೂಲರೂಪದಲ್ಲಿಯೇ ಇರಬೇಕು. ಈ 25 ವರ್ಷವನ್ನು ತಯಾರಾದ ತಿಂಗಳಿನಿಂದ ಎಣಿಸುತ್ತಾರೆಯೇ ಹೊರತು ಮಾದರಿ ವರ್ಷದಿಂದಲ್ಲ. ಜಪಾನಿನ ದಾಖಲೆಗಳಲ್ಲಿ ಇರುವುದು ಮೊದಲ ನೋಂದಣಿಯ ತಿಂಗಳು, ಅದೂ ಅಲ್ಲಿನ ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲಿ: 1989 ಎಂದರೆ ಹೈಸೇ 1, 2000 ಎಂದರೆ ಹೈಸೇ 12. ಹೀಗಾಗಿ ತಯಾರಿಕೆಯ ತಿಂಗಳನ್ನು ಬೇರೆ ಆಧಾರದಿಂದ ಖಚಿತಪಡಿಸಿಕೊಳ್ಳುವುದು ಅಗತ್ಯ. ಈ ನಿಯಮವನ್ನು ಹಗುರವಾಗಿ ಕಾಣುವಂತಿಲ್ಲ. 2014ರಲ್ಲಿ ಅಧಿಕಾರಿಗಳು ಹಲವು ಲ್ಯಾಂಡ್ ರೋವರ್ ಡಿಫೆಂಡರ್ ಜೀಪುಗಳನ್ನು ನಿಯಮಬಾಹಿರ ಆಮದೆಂಬ ಆರೋಪದ ಮೇಲೆ ಮಾಲೀಕರಿಂದ ವಶಪಡಿಸಿಕೊಂಡರು, ಕೆಲವರಿಗೆ ಅವು ಮರಳಿ ಸಿಕ್ಕಿದ್ದು ಮರುವರ್ಷ.

ಸುಂಕದ ಕಥೆ ಇನ್ನೂ ವಿಚಿತ್ರವಾದುದು. ಅಮೆರಿಕದ ಅಗ್ಗದ ಕೋಳಿಮಾಂಸಕ್ಕೆ ಪಶ್ಚಿಮ ಯುರೋಪಿನ ದೇಶಗಳು 1960ರ ದಶಕದ ಆರಂಭದಲ್ಲಿ ಭಾರಿ ಸುಂಕ ಹಾಕಿದ್ದಕ್ಕೆ ಪ್ರತಿಯಾಗಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಆಲೂಗಡ್ಡೆಯ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಹಗುರ ಟ್ರಕ್ಕುಗಳ ಮೇಲೆ ಸುಂಕ ಏರಿಸಿದರು. 1964ರಲ್ಲಿ ಜಾರಿಗೆ ಬಂದ ಈ 'ಕೋಳಿ ತೆರಿಗೆ'ಯಲ್ಲಿ ಟ್ರಕ್ಕುಗಳ ಮೇಲಿನ ಶೇ. 25 ಇಂದಿಗೂ ಉಳಿದುಕೊಂಡಿದೆ, ಕಾರಿನ ಮೂಲ ಸುಂಕವಾದರೋ ಶೇ. 2.5 ಮಾತ್ರ. ಜಪಾನಿನ ಕಿರಿದಾದ ಗದ್ದೆಯ ಹಾದಿ ಮತ್ತು ಓಣಿಗಳಿಗೆಂದೇ ರೂಪುಗೊಂಡ, 660 ಸಿ.ಸಿ. ಮೀರದ ಎಂಜಿನ್ನಿನ 'ಕೇ' ವರ್ಗದ ಪುಟ್ಟ ಟ್ರಕ್ಕುಗಳನ್ನು ತರಿಸುವವರು, ಯಾರೋ ಎಂದೋ ಕೋಳಿಗಾಗಿ ಆಡಿದ ಜಗಳಕ್ಕೆ ಇಂದು ವಾಹನದ ಬೆಲೆಯ ನಾಲ್ಕನೇ ಒಂದು ಭಾಗವನ್ನು ತೆರಬೇಕಾಗಿದೆ. ಇದು ನ್ಯಾಯವೆನಿಸುವುದಿಲ್ಲ.

ಸಾಗಣೆಗೆ ಎರಡು ದಾರಿಗಳಿವೆ. ರೋರೋ ಹಡಗೆಂದರೆ ವಾಹನಗಳನ್ನು ಇಳಿಜಾರು ಸೇತುವೆಯ ಮೂಲಕ ಒಳಗೆ ಓಡಿಸಿ ನಿಲ್ಲಿಸುವ ಹಲವು ಅಂತಸ್ತುಗಳ ಹಡಗು. ಇದು ಸಾಮಾನ್ಯವಾಗಿ ಅಗ್ಗ, ಆದರೆ ವಾಹನ ತಾನಾಗಿಯೇ ಸ್ಟಾರ್ಟ್ ಆಗಿ, ತಿರುಗಿ, ಬ್ರೇಕ್ ಹಿಡಿದು ನಿಲ್ಲುವಂತಿರಬೇಕು, ಒಳಗೆ ಬಿಡಿಭಾಗಗಳನ್ನು ತುಂಬಿ ಕಳಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಕಂಟೇನರ್‌ನಲ್ಲಿ ಓಡದ ಗಾಡಿಯನ್ನೂ ಬಿಗಿದು ಕಟ್ಟಿ ಕಳಿಸಬಹುದು, ಆದರೆ ಲಾರಿಯ ಮೇಲಿರುವಾಗ ಅದರ ತಳ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿರುವುದರಿಂದ, ಅದನ್ನು ಸರಿಸಮ ಎತ್ತರದ ಕಟ್ಟೆಯಿರುವ ಗೋದಾಮಿಗೆ ಒಯ್ದು ಅಲ್ಲಿ ವಾಹನವನ್ನು ಇಳಿಸಿಕೊಳ್ಳಬೇಕಾಗುತ್ತದೆ. ಯಾವುದರಲ್ಲಿ ಬಂದರೂ ಚಾಸಿಯ ಅಡಿಭಾಗದಲ್ಲಿ ಪರದೇಶದ ಮಣ್ಣು ಅಂಟಿರಬಾರದು, ಏಕೆಂದರೆ ಮಣ್ಣಿನೊಂದಿಗೆ ಬೆಳೆಗಳ ರೋಗ ಮತ್ತು ಕೀಟಗಳು ಬರುತ್ತವೆ. ಹಾಗಾಗಿ ಹಡಗು ಹತ್ತಿಸುವ ಮುನ್ನ ಹಬೆಯಿಂದ ತೊಳೆಸುವುದು ರೂಢಿ.

ಸಾಗರ ವಿಮೆಯನ್ನು ಅನೇಕರು ಉಳಿತಾಯದ ಜಾಗವೆಂದು ಭಾವಿಸುತ್ತಾರೆ, ಇದು ದೊಡ್ಡ ತಪ್ಪು. ನೌಕಾ ಕಾನೂನಿನಲ್ಲಿ 'ಜನರಲ್ ಆವರೇಜ್' ಎಂಬ ಪುರಾತನ ತತ್ವವೊಂದಿದೆ: ಅಪಾಯದಲ್ಲಿ ಸಿಲುಕಿದ ಹಡಗನ್ನೂ ಸರಕನ್ನೂ ಉಳಿಸಲು ಆದ ವೆಚ್ಚ ಮತ್ತು ನಷ್ಟವನ್ನು ಹಡಗಿನ ಒಡೆಯರ ಜೊತೆಗೆ ಅದರಲ್ಲಿ ಸರಕಿಟ್ಟ ಎಲ್ಲರೂ ತಮ್ಮ ಸೊತ್ತಿನ ಬೆಲೆಗೆ ಅನುಗುಣವಾಗಿ ಹಂಚಿಕೊಳ್ಳಬೇಕು, ಆ ಪಾಲಿಗೆ ಭದ್ರತೆ ಕೊಡುವವರೆಗೆ ಸರಕನ್ನು ಬಿಟ್ಟುಕೊಡುವುದಿಲ್ಲ. ಅಂದರೆ ಒಂದು ಗೀರೂ ಬೀಳದ ಕಾರಿನ ಒಡೆಯರೂ ಹಣ ಕಟ್ಟಬೇಕಾಗಬಹುದು. 2024ರ ಮಾರ್ಚ್ 26ರಂದು ಬಾಲ್ಟಿಮೋರಿನಲ್ಲಿ 'ಡಾಲಿ' ಎಂಬ ಕಂಟೇನರ್ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಬಡಿದು, ಸೇತುವೆ ಕುಸಿದು, ಅದರ ಮೇಲೆ ದುರಸ್ತಿಯಲ್ಲಿದ್ದ ಆರು ಕಾರ್ಮಿಕರು ಸತ್ತರು. ಆ ಹಡಗಿನ 21 ಮಂದಿ ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರಾಗಿದ್ದು, ವಾರಗಟ್ಟಲೆ ಹಡಗಿನಲ್ಲಿಯೇ ಉಳಿಯಬೇಕಾಯಿತು. ಮುಂದಿನ ತಿಂಗಳು ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಅಮೆರಿಕದ ವಾಹನ ಸಾಗಣೆಯ ಮುಂಚೂಣಿ ಬಂದರಾದ ಬಾಲ್ಟಿಮೋರಿನ ಮುಖ್ಯ ಜಲಮಾರ್ಗ ಪೂರ್ಣವಾಗಿ ತೆರೆದದ್ದು ಜೂನ್ 10ರಂದು; ಅಷ್ಟರಲ್ಲಿ ಅಲ್ಲಿಗೆ ಹೊರಟಿದ್ದ ಎಷ್ಟೋ ವಾಹನಗಳು ಬೇರೆ ಬಂದರುಗಳಲ್ಲಿ ಇಳಿದವು. ಅದಕ್ಕೂ ಎರಡು ವರ್ಷ ಮೊದಲು, 'ಫೆಲಿಸಿಟಿ ಏಸ್' ಎಂಬ ಹಡಗು ಸುಮಾರು 4,000 ಕಾರುಗಳನ್ನು ಹೊತ್ತು ಜರ್ಮನಿಯ ಎಮ್ಡೆನ್‌ನಿಂದ ಅಮೆರಿಕಕ್ಕೆ ಬರುತ್ತಿದ್ದಾಗ ಬೆಂಕಿ ಹೊತ್ತಿಕೊಂಡು ಅಟ್ಲಾಂಟಿಕ್‌ನಲ್ಲಿ ಮುಳುಗಿತ್ತು.

ಹಡಗು ದಡ ಮುಟ್ಟಿದ ಮೇಲೆ ಕಾಗದಗಳ ಸರದಿ. ಸರಕಿನ ಒಡೆತನವನ್ನು ಸಾರುವ ಬಿಲ್ ಆಫ್ ಲೇಡಿಂಗ್, ಮೂಲ ದೇಶದ ರಫ್ತು ಪ್ರಮಾಣಪತ್ರ ಮತ್ತು ಅದರ ಇಂಗ್ಲಿಷ್ ಅನುವಾದ, ಸುರಕ್ಷತಾ ಇಲಾಖೆಯ ಎಚ್‌ಎಸ್-7, ಪರಿಸರ ಸಂಸ್ಥೆಯ 3520-1, ಕಸ್ಟಮ್ಸ್‌ನ 7501 ನಮೂನೆಗಳು ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಚಾಸಿ ಸಂಖ್ಯೆಯಲ್ಲಿ ಒಂದಕ್ಷರ ತಪ್ಪಿದರೂ ವಾಹನ ಬಂದರಿನ ಅಂಗಳದಲ್ಲಿಯೇ ನಿಲ್ಲುತ್ತದೆ, ಉಚಿತ ಅವಧಿ ಮುಗಿದೊಡನೆ ದಿನಬಾಡಿಗೆ ಏರತೊಡಗುತ್ತದೆ. ಕಸ್ಟಮ್ಸ್‌ನವರು ಎಕ್ಸ್-ರೇ ಪರೀಕ್ಷೆಗೆ ಆರಿಸಿಕೊಂಡರೆ ಆ ಖರ್ಚೂ ತರಿಸಿದವರದೇ. ಬಂದರಿನ ಭದ್ರತಾ ವಲಯದೊಳಗೆ ಟ್ವಿಕ್ ಎಂಬ ಗುರುತಿನ ಚೀಟಿಯುಳ್ಳವರು ಮಾತ್ರ ಜೊತೆಗಾರರಿಲ್ಲದೆ ಹೋಗಬಹುದಾದ್ದರಿಂದ, ಆ ಚೀಟಿಯಿರುವ ಸಾಗಣೆದಾರರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಇನ್ನು ಉಳಿದದ್ದು ದೊಡ್ಡ ಪ್ರಶ್ನೆ: ಓಡಿಸಿಕೊಂಡು ಹೋಗುವುದೋ, ಹೇರಿಸಿಕೊಂಡು ಹೋಗುವುದೋ. ಬಂದರಿನಲ್ಲಿ ಇಳಿದ ವಾಹನಕ್ಕೆ ಅಮೆರಿಕದ ನಂಬರ್ ಪ್ಲೇಟ್ ಇರುವುದಿಲ್ಲ. ತಾತ್ಕಾಲಿಕ ಪರವಾನಗಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೇ ಟ್ರಕ್ಕುಗಳ ನೋಂದಣಿಯನ್ನೇ ಕೆಲವು ರಾಜ್ಯಗಳು ನಿರಾಕರಿಸುತ್ತ ಬಂದಿದ್ದು, ಟೆಕ್ಸಸ್ ತನ್ನ ನಿಲುವನ್ನು ಸಡಿಲಿಸಿದ್ದು 2024ರಲ್ಲಿ. ಕಾಗದ ಸರಿಯಿದ್ದರೂ ಯಂತ್ರ ಸಿದ್ಧವಿರಬೇಕಲ್ಲ. ಟಕೋಮಾದಿಂದ ಪೂರ್ವಕ್ಕೆ ಹೊರಟ ಗಾಡಿ ಮೊದಲ ದಿನವೇ ಕ್ಯಾಸ್ಕೇಡ್ ಪರ್ವತಸಾಲಿನಲ್ಲಿ 921 ಮೀಟರ್ ಎತ್ತರದ ಸ್ನೋಕ್ವಾಲ್ಮಿ ಘಾಟಿಯನ್ನು ಹತ್ತಿಳಿಯಬೇಕು. ಏರುವಾಗ ಹಳೆಯ ರೇಡಿಯೇಟರ್ ಮತ್ತು ಹೋಸ್ ಪೈಪುಗಳು, ಇಳಿಯುವಾಗ ಬ್ರೇಕುಗಳು ಪರೀಕ್ಷೆಗೊಳಗಾಗುತ್ತವೆ. ಬ್ರೇಕ್ ಆಯಿಲ್ ವರ್ಷಗಳು ಕಳೆದಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ, ಪೆಡಲ್ ಒತ್ತಿದರೂ ಹಿಡಿತ ಸಿಗದೆ ಹೋಗಬಹುದು. ಟೈರು ಸವೆಯದೆ ಹೊಸದರಂತೆ ಕಂಡರೂ ರಬ್ಬರ್ ಒಳಗೇ ಗಡುಸಾಗಿ ಬಿರುಕುಬಿಟ್ಟಿರಬಹುದು. ಅದರ ವಯಸ್ಸು ತಿಳಿಯಲು ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಬೇಕು: 2308 ಎಂದಿದ್ದರೆ ಅದು 2008ರ 23ನೇ ವಾರದಲ್ಲಿ ತಯಾರಾದುದು. ಇವುಗಳ ಸ್ಥಿತಿಯನ್ನು ಕಣ್ಣಾರೆ ಕಾಣದೆ, ಗಂಟೆಗೆ 110 ಕಿ.ಮೀ. ವೇಗದ ಹೆದ್ದಾರಿಗೆ ಗಾಡಿಯನ್ನು ಇಳಿಸುವುದು ಚಾಲಕರಿಗೂ ಸುತ್ತಲಿನವರಿಗೂ ಮಾಡುವ ಅನ್ಯಾಯ.

ಆದ್ದರಿಂದ ಮೊದಲ ಪಯಣಕ್ಕೆ ಟ್ರೇಲರ್ ಬಾಡಿಗೆಯನ್ನು ವಾಹನದ ಬೆಲೆಯ ಒಂದು ಭಾಗವೆಂದೇ ಲೆಕ್ಕ ಹಾಕುವುದು ಸೂಕ್ತ. ಹಲವು ಕಾರುಗಳನ್ನು ಒಟ್ಟಿಗೆ ಹೊರುವ ತೆರೆದ ಕ್ಯಾರಿಯರ್ ಅಗ್ಗವಾಗಿದ್ದು ಗಟ್ಟಿಮುಟ್ಟಾದ ಜೀಪು, ಟ್ರಕ್ಕುಗಳಿಗೆ ಸಾಕು; ಹಳೆಯ ಬಣ್ಣ, ತೆರೆದ ಚಾವಣಿ ಇರುವ ಕಾರುಗಳಿಗೆ ಮುಚ್ಚಿದ ಟ್ರೇಲರ್ ಬೇಕು. ಬ್ಯಾಟರಿ ಸತ್ತಿದ್ದರೆ, ಬ್ರೇಕ್ ಕಚ್ಚಿಕೊಂಡಿದ್ದರೆ ಮೊದಲೇ ತಿಳಿಸಿ, ವಿಂಚ್ ಇರುವ ಲಾರಿಯನ್ನೇ ಕರೆಸಬೇಕು. ಗೇಟಿನಿಂದ ಹೊರಬಿದ್ದ ಕೂಡಲೇ, ಹೇರುವ ಮುನ್ನವೇ, ಎಲ್ಲ ಬದಿಗಳ ಫೋಟೊ ತೆಗೆದು ಗೀರು, ತಗ್ಗುಗಳನ್ನು ಸಾಗಣೆದಾರರ ಸಹಿಯೊಂದಿಗೆ ಬರೆದಿಟ್ಟುಕೊಳ್ಳದಿದ್ದರೆ, ಆ ಪೆಟ್ಟು ಹಡಗಿನಲ್ಲಾಯಿತೋ ರಸ್ತೆಯಲ್ಲಾಯಿತೋ ಎಂದು ಆಮೇಲೆ ಯಾವ ವಿಮೆಯವರಿಗೂ ತೋರಿಸಿಕೊಡಲಾಗದು. ಮನೆಗೆ ಬಂದ ಮೇಲೆ ರಾಜ್ಯದ ನೋಂದಣಿ ಕಚೇರಿ ಒಡೆತನದ ಪತ್ರ ಕೊಡುವವರೆಗೆ ಹೇಗೂ ಕಾಯಬೇಕಾಗುತ್ತದೆ. ಟೈರು, ಬ್ರೇಕ್ ಆಯಿಲ್, ಹೋಸ್ ಪೈಪು, ಟೈಮಿಂಗ್ ಬೆಲ್ಟುಗಳನ್ನು ಬದಲಾಯಿಸಲು ಅದೇ ತಕ್ಕ ಸಮಯ.